ಬಿಚ್ಚಿದವನೇ ಮಿಸ್ತ್ರಿ

ನಮ್ಮ ಕೊಪ್ಪಳ ಸೀಮೆಯಲ್ಲಿ ಮನುಷ್ಯನಿಗೆ ಜ್ವರ ಬಂದರೆ ಔಷಧ ಹೇಳುವವರು ನಾಲ್ಕು ಮಂದಿ. ಹಳೆಯ ಪಿಕಪ್ಪು ಕೆಮ್ಮಿದರೆ ಊರಿಗೆ ಊರೇ ವೈದ್ಯ. ಅದರಲ್ಲೂ ಗಾಡಿಯ ನಂಬರು ರಾಯಚೂರಿನ ಕೆಎ-36ರ ಹಳೇ ಸರಣಿಯದಾದರೆ ಗೌರವ ಇನ್ನೂ ಹೆಚ್ಚು. ರಾಯಚೂರಿನಿಂದ ಕೊಪ್ಪಳ ಬೇರೆಯಾದದ್ದು 1997ರಲ್ಲಿ. ಅಂಥ ಗಾಡಿ ಜಿಲ್ಲೆಗಿಂತ ವಯಸ್ಸಿನಲ್ಲಿ ದೊಡ್ಡದು. 2021ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಗುಜರಿ ನೀತಿ ತಂದು, ಹಳೇ ಗಾಡಿಗಳ ಆರೋಗ್ಯವನ್ನು ಯಂತ್ರಗಳೇ ನೋಡಲಿ ಎಂದಿತು. ನಮ್ಮಲ್ಲಿ ಆ ಕೆಲಸ ಮೊದಲಿನಿಂದಲೂ ಬೀಗರದು.

ಗಾಡಿ ಗಂಗಾವತಿಗೆ ಭತ್ತ ಹೇರಿಕೊಂಡು ಹೊರಟಿದೆ, ಎಳೆಯುತ್ತಿಲ್ಲ. "ನಾಜಲ್ ಹೋಗ್ಯಾವ ನೋಡ್ರಿ" ಎನ್ನುತ್ತಾನೆ ಅಳಿಯ. "ಏ, ಪಂಪ್ ಕುಂತೈತಿ ಬಿಡು" ಎನ್ನುತ್ತಾನೆ ಮಾವ. ಕುಷ್ಟಗಿ ಕಡೆಯ ಡ್ರೈವರೊಬ್ಬ ಸೈಲೆನ್ಸರ್ ಮೂಸಿ ತೀರ್ಪು ಕೊಡುತ್ತಾನೆ: "ರಿಂಗ್ ಖಲಾಸ್ ಕಾಕಾ, ಎಂಜಿನ್ ಇಳಸ್ರಿ." ಹೊಗೆಯ ಬಣ್ಣ ಯಾವುದು ಎಂದು ಮಾತ್ರ ಯಾರೂ ಕೇಳುವುದಿಲ್ಲ. ನೀಲಿಯಾದರೆ ಆಯಿಲ್ ಸುಡುತ್ತಿದೆ. ಕಪ್ಪಾದರೆ ಗಾಳಿ ಸಾಲುತ್ತಿಲ್ಲ, ಇಲ್ಲವೇ ಡೀಸೆಲ್ ಹೆಚ್ಚಾಗಿದೆ. ಬಿಳಿಯಾದರೆ ಡೀಸೆಲ್ ಸುಡದೆ ಹೋಗುತ್ತಿದೆ ಅಥವಾ ಒಳಗೆ ನೀರು ಇಳಿಯುತ್ತಿದೆ. ಇಷ್ಟು ತಿಳಿಯಲು ಕಣ್ಣು ಸಾಕು. ಪುಕ್ಕಟೆ ಕಣ್ಣಿಗೆ ಕಿಮ್ಮತ್ತು ಕಡಿಮೆ.

ಯಲಬುರ್ಗಾದ ಟ್ರ್ಯಾಕ್ಟರ್ ಮಿಸ್ತ್ರಿ ಬಾಯಿ ಹಾಕಿದರೆ ನಗಬೇಡಿ. ಮಹೀಂದ್ರ ಪಿಕಪ್ಪಿನ ಹಳೇ 2523 ಸಿಸಿ ಡಿಐ ಎಂಜಿನ್ನಿನ ಬೋರು 88.9 ಮಿ.ಮೀ., ಸ್ಟ್ರೋಕ್ 101.6. ಇಂಟರ್‌ನ್ಯಾಷನಲ್ ಟ್ರ್ಯಾಕ್ಟರಿನ ಒಂದು ಎಂಜಿನ್ನಿಗೂ ಇದೇ ಅಳತೆ. ಇಡೀ ಸಭೆಯಲ್ಲಿ ರಕ್ತಸಂಬಂಧವಿರುವ ವೈದ್ಯ ಅವನೊಬ್ಬನೇ, ಅವನ ಮಾತನ್ನೇ ಯಾರೂ ಕೇಳುವುದಿಲ್ಲ.

ಎಂಜಿನ್ ಅಂಗಳಕ್ಕೆ ಇಳಿದು ತಾಡಪಾಲಿನ ಮೇಲೆ ಮಲಗುತ್ತದೆ. ಮೊಬೈಲಿನಲ್ಲಿ ಪಂಜಾಬಿನ ಯಾರೋ ಪಾಠ ಹೇಳುತ್ತಿರುತ್ತಾರೆ. ನಮ್ಮ ಹುಡುಗ ಬಿಚ್ಚುತ್ತಿರುತ್ತಾನೆ. ಬಿಚ್ಚುವಾಗಿನ ಉಮೇದು ಅಳೆಯುವಾಗ ಇರದು. ಬೋರಿನ ಮೇಲಂಚಿನ ಒಳಗೆ ಉಗುರು ಜಾರಿಸಿ ನೋಡಿ: ರಿಂಗು ಮೇಲೆ ಬಂದು ತಿರುಗುವ ಜಾಗದಲ್ಲಿ ಸಣ್ಣ ಮೆಟ್ಟಿಲು ತಗುಲುತ್ತದೆ, ಸವೆತ ಹೆಚ್ಚು ಇರುವುದು ಅಲ್ಲಿಯೇ. ಅದನ್ನು ಲೇಥಿನವನ ಹತ್ತಿರ ಗೇಜ್ ಹಾಕಿಸದೆ ಹೊಸ ರಿಂಗು ತುರುಕಿದರೆ ಹೊಗೆಗೆ ರಜೆ ಸಿಗುತ್ತದೆ, ಮುಕ್ತಿ ಸಿಗುವುದಿಲ್ಲ. ಹೆಡ್ ಬಾಗಿದೆಯೇ ಎಂದು ನೋಡಲು ನೇರ ಪಟ್ಟಿ, ಫೀಲರ್ ಗೇಜ್ ಬೇಕು; ಇಲ್ಲಿ ಒಂದು ಕಣ್ಣು ಮುಚ್ಚಿದರೆ ಸಾಕು. ಹೆಡ್ ಬೋಲ್ಟಿಗೆ ಟಾರ್ಕ್ ಪಾನಾ ಯಾಕೆ? ಮೋಟರಿನ ಪೈಪು ಸಿಕ್ಕಿಸಿ "ಇನ್ನೊಂದೀಟು, ಇನ್ನೊಂದೀಟು" ಎನ್ನುವವರು ನಾಲ್ವರು ನಿಂತಿರುತ್ತಾರೆ. ನಡುವಿನಿಂದ ಶುರುಮಾಡಿ ಸುತ್ತ ಹಂತ ಹಂತವಾಗಿ ಬಿಗಿಯಬೇಕೆಂಬ ಮಾತಿಗೆ, "ಕಂಪನಿಯವರಿಗೆ ಬ್ಯಾರೆ ಕೆಲಸ ಇಲ್ಲ" ಎಂಬ ಉತ್ತರ.

ಇನ್ನು ಕಾಯುವ ರೋಗ. ಬೇಸಿಗೆ ಬಿಸಿಲಿಗೆ ಗೇಜು ಮೇಲೇರಿದರೆ ನಮ್ಮ ಮೊದಲ ಮದ್ದು, ಥರ್ಮೋಸ್ಟಾಟ್ ಕಿತ್ತೆಸೆಯುವುದು. ಎರಡನೆಯದು, ಬೋರ್‌ವೆಲ್ ನೀರು ಸುರಿಯುವುದು. ಆ ಗಡಸು ನೀರು ರೇಡಿಯೇಟರಿನ ಕೊಳವೆಗಳಲ್ಲಿ ಸುಣ್ಣ ಕಟ್ಟುತ್ತದೆ, ಎಂಜಿನ್ ಇನ್ನಷ್ಟು ಕಾಯುತ್ತದೆ, ಗ್ಯಾಸ್ಕೆಟ್ ಹೋಗುತ್ತದೆ, ಪಂಚಾಯ್ತಿ ಮತ್ತೆ ಸೇರುತ್ತದೆ. ಕೂಲಂಟ್ ತುಟ್ಟಿಯಂತೆ! ಹೆಡ್ ಫೇಸಿಂಗಿಗೆ ಕೊಡುವ ದುಡ್ಡು ಮಾತ್ರ ದೇವರ ಹುಂಡಿಗೆ ಹಾಕಿದ ಲೆಕ್ಕ.

ಆದ್ದರಿಂದ ಒಂದು ವಿನಂತಿ, ಅಣ್ಣಗಳಿರಾ. ಎಂಜಿನ್ ಇಳಿಸುವ ಮೊದಲು ಡೀಸೆಲ್ ಫಿಲ್ಟರ್ ಬದಲಿಸಿ, ಗಾಳಿ ಫಿಲ್ಟರ್ ಜಾಡಿಸಿ, ಕೈಪಂಪು ಒತ್ತಿ ಲೈನಿನ ಏರ್ ತೆಗೆಯಿರಿ. ಹಳೇ ಪಂಪಿನ ಗಾಡಿಯಾದರೆ, ಎಂಜಿನ್ ನಡೆಯುತ್ತಿರುವಾಗ ನಾಜಲ್ ಪೈಪಿನ ನಟ್ಟನ್ನು ಒಂದೊಂದಾಗಿ ಸಡಿಲಿಸಿ ಕೇಳಿರಿ. ಡೀಸೆಲ್ ಜೋರಾಗಿ ಚಿಮ್ಮುತ್ತದೆ, ಮುಖ ಮತ್ತು ಕೈ ದೂರವಿರಲಿ. ಯಾವುದನ್ನು ಸಡಿಲಿಸಿದರೂ ಎಂಜಿನ್ನಿನ ದನಿ ಬದಲಾಗುವುದಿಲ್ಲವೋ, ರೋಗ ಆ ಸಿಲಿಂಡರಿನದು. ಆಮೇಲೂ ಬಿಚ್ಚಲೇಬೇಕಾದರೆ ಬಿಚ್ಚಿರಿ, ಬೀಗರು ಊರಿಗೆ ಹೋದ ಮೇಲೆ.