‘ನಾವು ಯಾರನ್ನೂ ಕಿತ್ತುಹಾಕಲ್ಲ, ಜಾಗ ಖಾಲಿ ಮಾಡ್ತೀವಿ!’

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ 30 ತಂಡಗಳು. ಪ್ರತಿ ತಂಡಕ್ಕೂ 40 ಹೆಸರುಗಳ ಒಂದು ಪಟ್ಟಿ. ಅದರಲ್ಲಿ 26 ಮಂದಿ ಇಂದಿನ ಪಂದ್ಯಕ್ಕೆ. ಮಿಕ್ಕವರು ಮೈನರ್ ಲೀಗಿನ ಸಣ್ಣ ಊರುಗಳಲ್ಲಿ ಫೋನು ಬರುವುದನ್ನೇ ಕಾಯುತ್ತಿರುತ್ತಾರೆ, ಇಲ್ಲವೇ ಮೊಣಕೈಗೆ ಐಸ್ ಕಟ್ಟಿಕೊಂಡು ಕೂತಿರುತ್ತಾರೆ. ಕೋಚ್ ಬದಲಾಗುತ್ತಾರೆ, ಮಾಲೀಕರು ಬದಲಾಗುತ್ತಾರೆ, ಪಟ್ಟಿಗೆ ಮಾತ್ರ ನಿವೃತ್ತಿಯಿಲ್ಲ. ಅಂಥದೊಂದು ಪಟ್ಟಿ ಆಗಸ್ಟ್ ಕೊನೆಯಲ್ಲಿ, ಜನರಲ್ ಮ್ಯಾನೇಜರ್ ಊಟಕ್ಕೆ ಎದ್ದುಹೋದ ಹೊತ್ತಿನಲ್ಲಿ, ನಮ್ಮ ಕೈಗೆ ಸಿಕ್ಕಿತು. ಯಾವ ತಂಡದ್ದೆಂದು ಬರೆಯಕೂಡದು ಎಂಬ ಷರತ್ತಿನ ಮೇಲೆ ಬಾಯಿಬಿಟ್ಟಿತು. ಗೋಡೆಯ ಬಿಳಿ ಬೋರ್ಡು, ಅದರ ಮೇಲೆ ಹೆಸರು ಬರೆದ ಆಯಸ್ಕಾಂತದ ಬಿಲ್ಲೆಗಳು. ಒಂದು ಬಿಲ್ಲೆ ಆಗಲೇ ಅಂಚಿಗೆ ಜರುಗಿತ್ತು.

ಪ್ರಶ್ನೆ: ನಮಸ್ಕಾರ. ಮಾತಾಡಲು ಪುರುಸೊತ್ತಿದೆಯೇ?

ಪಟ್ಟಿ: ಪುರುಸೊತ್ತೆಲ್ಲಿ ಬಂತು ಸ್ವಾಮಿ? ನಾಡಿದ್ದು ಸೆಪ್ಟೆಂಬರ್ ಒಂದು. 26 ಹೋಗಿ 28 ಆಗುತ್ತೆ. 2020ಕ್ಕೆ ಮುಂಚೆ ಆ ದಿನ ಬಂತೆಂದರೆ ಬೇಕಾದರೆ ನಲವತ್ತೂ ಮಂದಿಯನ್ನು ಕರೆಸಿ ಕೂರಿಸಬಹುದಿತ್ತು, ಮದುವೆ ಮನೆ ಪಂಕ್ತಿ ಹಾಗೆ. ಈಗ ಎರಡೇ ಎಲೆ ಹೆಚ್ಚಿಗೆ. ಅದರಲ್ಲೂ ಚೆಂಡೆಸೆಯುವ ಪಿಚರ್‌ಗಳು ಹದಿನಾಲ್ಕು ದಾಟಕೂಡದು.

ಪ್ರಶ್ನೆ: ಆ ಅಂಚಿನ ಬಿಲ್ಲೆ ಯಾರದು?

ಪಟ್ಟಿ: ಹೆಸರು ಬೇಡ. ಮೂವತ್ತಾರು ವರ್ಷ. ಎಂಟು ವರ್ಷದ ಒಪ್ಪಂದ, ಇನ್ನೂ ಎರಡು ಬಾಕಿ. ತುಂಬಾ ಒಳ್ಳೆಯ ಮನುಷ್ಯ.

ಪ್ರಶ್ನೆ: ಒಳ್ಳೆಯ ಮನುಷ್ಯ ಅಂದಿರಿ. ಅಂದಮೇಲೆ ಕಿತ್ತುಹಾಕುತ್ತೀರಿ.

ಪಟ್ಟಿ: ಛೆ ಛೆ! ನಾವು ಯಾರನ್ನೂ ಕಿತ್ತುಹಾಕಲ್ಲ, ಜಾಗ ಖಾಲಿ ಮಾಡ್ತೀವಿ. ನನ್ನಿಂದ ಹೆಸರು ತೆಗೆದ ಮೇಲೆ ಏಳು ದಿನ ಗಡುವು. ಆ ವರ್ಷದ ಅದಲುಬದಲಿನ ಕಾಲ ಮುಗಿದಿರದಿದ್ದರೆ ಅಷ್ಟರಲ್ಲಿ ಬೇರೆ ತಂಡದ ಜೊತೆ ಅದಲುಬದಲು ಮಾಡಬಹುದು. ಇಲ್ಲದಿದ್ದರೆ ಉಳಿದ 29 ತಂಡಗಳಲ್ಲಿ ಯಾರಾದರೂ ‘ನಮಗಿರಲಿ’ ಅಂತ ಸಂಬಳ ಸಮೇತ ಎತ್ತಿಕೊಳ್ಳಬಹುದು. ಸಂಬಳ ಎಷ್ಟು ಅಂತ ಹೇಳಿದ ಕೂಡಲೇ 29 ತಂಡಕ್ಕೂ ಒಟ್ಟಿಗೆ ಕೆಮ್ಮು ಬರುತ್ತೆ. ಆಮೇಲೆ ಆತ ಸ್ವತಂತ್ರ. ಬಾಕಿ ಸಂಬಳ ನಾವೇ ಕೊಡಬೇಕು. ಆತ ಕನಿಷ್ಠ ಸಂಬಳಕ್ಕೆ ಎದುರು ತಂಡ ಸೇರಿ, ನಮ್ಮ ದುಡ್ಡಲ್ಲೇ ಊಟ ಮಾಡಿ, ನಮ್ಮ ಮೇಲೇ ಹೋಮ್‌ರನ್ ಹೊಡೀತಾನೆ.

ಪ್ರಶ್ನೆ: ಅನುಭವಿ ಆಟಗಾರನ ಬೆಲೆಯನ್ನು ಹೇಗೆ ಕಟ್ಟುತ್ತೀರಿ?

ಪಟ್ಟಿ: ಹಿಂದೆ ಕಣ್ಣಂದಾಜಿನಲ್ಲಿ. ಹ್ಯಾಟು ಹಾಕಿದ ಸ್ಕೌಟ್ ಬಂದು ‘ಇವನ ಸೊಂಟ ಇನ್ನೂ ತಿರುಗುತ್ತೆ’ ಅಂದರೆ ಮುಗೀತು. ಆಮೇಲೆ ಕ್ಯಾನ್ಸಸ್‌ನಲ್ಲಿ ಬಿಲ್ ಜೇಮ್ಸ್ ಅಂತ ಒಬ್ಬ ಹುಟ್ಟಿಕೊಂಡ. ಡಬ್ಬಿಯಲ್ಲಿ ಬೀನ್ಸ್ ತುಂಬುವ ಕಾರ್ಖಾನೆಗೆ ರಾತ್ರಿ ಕಾವಲುಗಾರ. 1977ರಿಂದ ತಾನೇ ಪುಸ್ತಕ ಅಚ್ಚು ಹಾಕಿಸಿ ಮಾರೋಕೆ ಶುರು ಮಾಡಿದ. ಬ್ಯಾಟರ್‌ಗಳ ಏರುಗಾಲ 27ರ ಆಸುಪಾಸು, ನೀವೆಲ್ಲ ಅಂದುಕೊಂಡ ಹಾಗೆ ಮೂವತ್ತರ ಮೇಲಲ್ಲ ಅಂತ ಅಂಕಿ ಇಟ್ಟು ತೋರಿಸಿದ. ಮಾಲೀಕರಿಗೆ ಅದು ತಲೆಗೆ ಹೋಗೋಕೆ ಇಪ್ಪತ್ತು ವರ್ಷ ಹಿಡೀತು. 2003ರ ಹೊತ್ತಿಗೆ ಬಾಸ್ಟನ್ ರೆಡ್ ಸಾಕ್ಸ್‌ನವರು ಅವನನ್ನೇ ಸಂಬಳಕ್ಕೆ ಇಟ್ಟುಕೊಂಡರು. ಈಗ ಎಲ್ಲರಿಗೂ ‘ವಾರ್’ ಅನ್ನೋ ಅಂಕಿಯದೇ ಜಪ. ಒಬ್ಬ ಆಟಗಾರ, ಒಬ್ಬ ಬದಲಿ ಆಟಗಾರನಿಗಿಂತ ಎಷ್ಟು ಗೆಲುವು ಹೆಚ್ಚು ತಂದ ಅನ್ನೋ ಲೆಕ್ಕ.

ಪ್ರಶ್ನೆ: ಆ ಬದಲಿ ಆಟಗಾರ ಯಾರು? ಭೇಟಿ ಮಾಡಬಹುದೇ?

ಪಟ್ಟಿ: ಅವನು ಹುಟ್ಟೇ ಇಲ್ಲ. ಆದರೂ ಎಲ್ಲ ತಂಡಕ್ಕೂ ಅಚ್ಚುಮೆಚ್ಚು. ಕನಿಷ್ಠ ಸಂಬಳ ಸಾಕು ಅಂತಾನೆ, ಮಂಡಿ ನೋವಿಲ್ಲ, ಏಜೆಂಟ್ ಇಲ್ಲ, ವಯಸ್ಸಂತೂ ಆಗೋದೇ ಇಲ್ಲ. ಇನ್ನೊಂದು ಅನುಕೂಲವೂ ಇದೆ. ‘ಬೇಸ್‌ಬಾಲ್ ರೆಫರೆನ್ಸ್’ ಒಂದು ವಾರ್ ಕೊಡುತ್ತೆ, ‘ಫ್ಯಾನ್‌ಗ್ರಾಫ್ಸ್’ ಇನ್ನೊಂದು ಕೊಡುತ್ತೆ. ಮಾರುವಾಗ ದೊಡ್ಡದನ್ನು ಓದ್ತೀವಿ, ಕೊಳ್ಳುವಾಗ ಚಿಕ್ಕದನ್ನು.

ಪ್ರಶ್ನೆ: ‘ಹುಡುಗರ ನಡುವೆ ಒಬ್ಬ ಹಿರಿಯ ಇರಬೇಕು’ ಎಂದು ಪತ್ರಿಕಾಗೋಷ್ಠಿಗಳಲ್ಲಿ ನಿಮ್ಮವರು ಹೇಳುತ್ತಾರಲ್ಲ?

ಪಟ್ಟಿ: ಬ್ಯಾಟಿಂಗ್ ಸರಾಸರಿ .290 ಇರುವವನನ್ನು ಯಾರಾದರೂ ಹಾಗೆ ಹೊಗಳಿದ್ದು ಕೇಳಿದ್ದೀರಾ? ಅದು .230ಕ್ಕೆ ಬಂದಾಗ ಆತ ಹುಡುಗರಿಗೆ ಮಾರ್ಗದರ್ಶಕ. .200ಕ್ಕೆ ಬಂದಾಗ ‘ಮುಂದೆ ಒಳ್ಳೆಯ ಕೋಚ್ ಆಗ್ತಾರೆ’. ಫೆಬ್ರವರಿಯಲ್ಲಿ ತರಬೇತಿ ಶಿಬಿರಕ್ಕೆ ಬಂದಾಗ ಮಾತ್ರ ಪ್ರತಿಯೊಬ್ಬ ಹಿರಿಯನೂ ತನ್ನ ಜೀವಮಾನದಲ್ಲೇ ಅತ್ಯಂತ ಗಟ್ಟಿಯಾಗಿರ್ತಾನೆ. ಪತ್ರಕರ್ತರು ಅದನ್ನೇ ಬರೀತಾರೆ. ನೀವೂ ಆ ಪೈಕಿಯೇ ತಾನೆ?

(ಪಕ್ಕದ ಕಪಾಟಿನಿಂದ ಕೆಮ್ಮು ಕೇಳಿತು. ಗಾಯಾಳುಗಳ ಪಟ್ಟಿಯಂತೆ, ಇವರ ತಮ್ಮ.)

ಪ್ರಶ್ನೆ: ತಮ್ಮನವರ ಬಗ್ಗೆ ಒಂದು ಮಾತು?

ಪಟ್ಟಿ: ನಮ್ಮ ಮನೆಯಲ್ಲಿ ದಯೆ ಇರೋದು ಅವನಿಗೊಬ್ಬನಿಗೇ. ಬ್ಯಾಟರ್‌ಗೆ 10 ದಿನ, ಪಿಚರ್‌ಗೆ 15 ದಿನ ರಜೆ ಕೊಡ್ತಾನೆ. 60 ದಿನದ ಗಾಯ ಅಂತ ಬರೆಸಿದರೆ ನನ್ನ ನಲವತ್ತರಲ್ಲಿ ಒಂದು ಜಾಗವೂ ಖಾಲಿ. ಎರಡು ಕೋಟಿ ಡಾಲರಿನ ಆಟಗಾರ ಮೂರು ವಾರ ಒಂದು ಹಿಟ್ ಕಾಣಲಿಲ್ಲ ಅಂತಿಟ್ಟುಕೊಳ್ಳಿ. ಬೆಂಚಿನಲ್ಲಿ ಕೂರಿಸಿದರೆ ಅವಮಾನ, ತೆಗೆದರೆ ನಷ್ಟ. ಆಗ ನೋಡಿ, ಬೆನ್ನು ಹಿಡಿದುಕೊಳ್ಳುತ್ತೆ. ಅದು ಆಟಗಾರನ ಬೆನ್ನೋ ಮ್ಯಾನೇಜರ್ ಬೆನ್ನೋ ಅಂತ ಡಾಕ್ಟರನ್ನು ಯಾರೂ ಕೇಳಲ್ಲ.

ಪ್ರಶ್ನೆ: ಹಿರಿಯರು ದುಬಾರಿ ಎಂದು ಇಷ್ಟು ಕೊರಗುತ್ತೀರಿ. ಕಿರಿಯರಿಗೆ ಏನು ಕೊಡುತ್ತೀರಿ?

ಪಟ್ಟಿ: ಮೊದಲ ಮೂರು ವರ್ಷ ಹೆಚ್ಚುಕಡಿಮೆ ಕನಿಷ್ಠ ಸಂಬಳ. ಆಮೇಲೆ ಮೂರು ವರ್ಷ ಪಂಚಾಯ್ತಿಗೆ ಹೋಗಿ ಕೇಳಬಹುದು. ಆರು ವರ್ಷ ತುಂಬಿದ ಮೇಲೆ ಯಾವ ತಂಡಕ್ಕೆ ಬೇಕಾದರೂ ಹೋಗಬಹುದು. ನನ್ನ ಲೆಕ್ಕದಲ್ಲಿ ಒಂದು ವರ್ಷ ಅಂದರೆ 172 ದಿನ.

ಪ್ರಶ್ನೆ: 171 ದಿನ ಆಡಿದರೆ?

ಪಟ್ಟಿ: ವರ್ಷ ಆಗಲಿಲ್ಲ ಅಂತ ಅರ್ಥ. ಯಾಕೆ, ಕ್ರಿಸ್ ಬ್ರಯಂಟ್ ನೆನಪಾದನೇ? 2015ರ ಅಭ್ಯಾಸ ಪಂದ್ಯಗಳಲ್ಲಿ ಒಂಬತ್ತು ಹೋಮ್‌ರನ್ ಹೊಡೆದು ಎಲ್ಲರಿಗಿಂತ ಮುಂದಿದ್ದ. ಷಿಕಾಗೊ ಕಬ್ಸ್‌ನವರು ‘ಫೀಲ್ಡಿಂಗ್ ಇನ್ನೂ ತಿದ್ದಬೇಕು’ ಅಂತ ಅಯೋವಾದ ಮೈನರ್ ಲೀಗ್ ತಂಡಕ್ಕೆ ಕಳಿಸಿದರು. ಎರಡೇ ವಾರದಲ್ಲಿ ಫೀಲ್ಡಿಂಗ್ ತಿದ್ದಿಹೋಯ್ತು, ಏಪ್ರಿಲ್ 17ಕ್ಕೆ ಕರೆಸಿದರು. ವರ್ಷದ ಕೊನೆಗೆ ಎಣಿಸಿದರೆ 171 ದಿನ. ಆ ವರ್ಷ ಅವನೇ ಅತ್ಯುತ್ತಮ ಹೊಸಬ, ಮರುವರ್ಷ ಲೀಗಿನ ಅತ್ಯಮೂಲ್ಯ ಆಟಗಾರ. ಕಬ್ಸ್‌ಗೆ 108 ವರ್ಷದ ನಂತರ ವರ್ಲ್ಡ್ ಸೀರೀಸ್ ಬಂತು. ಒಂದು ದಿನ ಕಡಿಮೆಯಾದ್ದಕ್ಕೆ ಅವನ ಬಿಡುಗಡೆ ಒಂದು ವರ್ಷ ತಡ. ದೂರು ಕೊಟ್ಟ. 2020ರಲ್ಲಿ ಸೋತ.

ಪ್ರಶ್ನೆ: ಇದು ಅನ್ಯಾಯ ಅನ್ನಿಸಲಿಲ್ಲವೇ?

ಪಟ್ಟಿ: ಅನ್ನಿಸಿದ್ದಕ್ಕೇ ಮಾಲೀಕರು ಮತ್ತು ಆಟಗಾರರ ನಡುವಿನ 2022ರ ಒಪ್ಪಂದದಲ್ಲಿ, ಅತ್ಯುತ್ತಮ ಹೊಸಬನ ಮತದಾನದಲ್ಲಿ ಮೊದಲೆರಡು ಸ್ಥಾನ ಪಡೆದವರಿಗೆ ಪೂರ್ತಿ ವರ್ಷದ ಸೇವೆ ಕೊಡಬೇಕು ಅಂತ ಸೇರಿಸಿದರು. ಮೂರನೇ ಸ್ಥಾನದವನಿಗೆ ಫೀಲ್ಡಿಂಗ್ ಇನ್ನೂ ತಿದ್ದಿಸಬಹುದು.

ಪ್ರಶ್ನೆ: ಈ ಆರು ವರ್ಷದ ಕಟ್ಟು ಯಾರು ಕಟ್ಟಿದ್ದು?

ಪಟ್ಟಿ: ಕಟ್ಟಿದ್ದಲ್ಲ ಸ್ವಾಮಿ, ಸಡಿಲಿಸಿದ್ದು. ಅದಕ್ಕೂ ಮುಂಚೆ ಆಟಗಾರ ಜೀವಮಾನಪೂರ್ತಿ ನಮ್ಮವನು. 1969ರಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ನವರು ಹನ್ನೆರಡು ವರ್ಷ ಆಡಿದ ಕರ್ಟ್ ಫ್ಲಡ್‌ನನ್ನು ಫಿಲಡೆಲ್ಫಿಯಾಕ್ಕೆ ಕೊಟ್ಟುಬಿಟ್ಟರು. ಆತ ‘ಹೋಗಲ್ಲ, ನಾನೇನು ಕೊಟ್ಟುಕೊಳ್ಳುವ ಆಸ್ತಿಯಲ್ಲ’ ಅಂತ ಕಮಿಷನರ್‌ಗೆ ಬರೆದು, ಕೋರ್ಟಿಗೆ ಹೋದ. 1972ರಲ್ಲಿ ಸುಪ್ರೀಂ ಕೋರ್ಟು 5–3ರಲ್ಲಿ ಅವನ ವಿರುದ್ಧ ತೀರ್ಪು ಕೊಟ್ಟಿತು. ಅವನ ಆಟವೂ ಮುಗಿದಿತ್ತು. 1975ರ ಕೊನೆಗೆ ಪೀಟರ್ ಸೈಟ್ಜ್ ಎಂಬ ಮಧ್ಯಸ್ಥಗಾರರು ಬೇರೆ ಇಬ್ಬರು ಪಿಚರ್‌ಗಳ ದಾವೆಯಲ್ಲಿ ಬೇಡಿ ಬಿಚ್ಚಿದರು. ಮಾಲೀಕರು ತಕ್ಷಣ ಅವರನ್ನೇ ಕೆಲಸದಿಂದ ತೆಗೆದರು.

ಪ್ರಶ್ನೆ: ಅವರನ್ನೂ ‘ಜಾಗ ಖಾಲಿ’ ಮಾಡಿಸಿದಿರಿ ಅನ್ನಿ. ಈಗ ಆಲ್ಬರ್ಟ್ ಪುಹೋಲ್ಸ್ ವಿಷಯಕ್ಕೆ ಬರೋಣ.

ಪಟ್ಟಿ: ಅಯ್ಯೋ, ಬೇಡ. ನಮ್ಮ ಮೂವತ್ತೂ ಮಂದಿ ಅಣ್ಣತಮ್ಮಂದಿರಿಗೂ ಅದು ನೆನಪಾದರೆ ರಾತ್ರಿ ನಿದ್ದೆ ಬರಲ್ಲ.

ಪ್ರಶ್ನೆ: ಹೇಳಲೇಬೇಕು.

ಪಟ್ಟಿ: 2001ರಲ್ಲಿ ಸೇಂಟ್ ಲೂಯಿಸ್‌ಗೆ ಬಂದ, ಇಪ್ಪತ್ತೊಂದರ ಹುಡುಗ. ಸಂಬಳ 2 ಲಕ್ಷ ಡಾಲರ್. ಸರಾಸರಿ .329, ಹೋಮ್‌ರನ್ 37, ತಂದುಕೊಟ್ಟ ಓಟ 130. ಮುಂದೆ ಮೂರು ಸಲ ಅತ್ಯಮೂಲ್ಯ ಆಟಗಾರ. 2011ರ ಡಿಸೆಂಬರಿನಲ್ಲಿ, ಇನ್ನೇನು 32 ತುಂಬುತ್ತೆ ಅನ್ನುವಾಗ, ಏಂಜಲ್ಸ್ ತಂಡದವರು ಹತ್ತು ವರ್ಷಕ್ಕೆ 24 ಕೋಟಿ ಡಾಲರ್ ಕೊಟ್ಟು ಕರೆದೊಯ್ದರು. ಒಪ್ಪಂದದ ಕೊನೆಯ ವರ್ಷ, 2021, ಸಂಬಳ 3 ಕೋಟಿ ಡಾಲರ್, ಸರಾಸರಿ .198. ಮೇ ತಿಂಗಳಲ್ಲಿ ಏಂಜಲ್ಸ್ ಪಟ್ಟಿಯಿಂದ ಹೆಸರು ಹೋಯ್ತು. ‘ಇಷ್ಟು ದುಡ್ಡಿಗೆ ಇವನೇ?’ ಅಂತ ಊರೆಲ್ಲ ನಕ್ಕಿತು.

ಪ್ರಶ್ನೆ: 2 ಲಕ್ಷಕ್ಕೆ .329 ಹೊಡೆದಾಗ ಊರು ನಕ್ಕಿತ್ತೇ?

ಪಟ್ಟಿ: ಆಗ ಅದಕ್ಕೆ ಜಾಣ ಆಡಳಿತ ಅಂತ ಹೆಸರು.

ಪ್ರಶ್ನೆ: ಅಂದರೆ ಹುಡುಗನಿದ್ದಾಗ ದುಡಿದದ್ದರ ಕೂಲಿಯನ್ನು ಮುದುಕನಾದಾಗ ಕೊಡುತ್ತೀರಿ. ಕೊಡುವಾಗ ಅದಕ್ಕೆ ‘ಹೊರೆ’ ಅನ್ನುತ್ತೀರಿ.

ಪಟ್ಟಿ: ಅಷ್ಟು ಸಲೀಸಾಗಿ ತೀರ್ಪು ಕೊಡಬೇಡಿ. ಉಳಿತಾಯ ಮಾಡಿದ್ದು ಸೇಂಟ್ ಲೂಯಿಸ್, ತೆತ್ತಿದ್ದು ಏಂಜಲ್ಸ್. ಒಬ್ಬರ ಬಾಕಿಯನ್ನು ಇನ್ನೊಬ್ಬರು ತೀರಿಸೋ ಪದ್ಧತಿ ಇದು. ಇದನ್ನು ಎಲ್ಲರೂ ಬಲ್ಲರು, ಯಾರೂ ಬಾಯಿಬಿಡಲ್ಲ. ಈಚೆಗೆ ಅಂಕಿಶಾಸ್ತ್ರ ಓದಿದ ಹುಡುಗರು ಬಂದ ಮೇಲೆ ಇನ್ನೂ ಬಿಗಿಯಾಗಿದೆ. ಮೂವತ್ತು ದಾಟಿದವನಿಗೆ ‘ಮುಂದೆ ಏನು ಮಾಡ್ತೀಯ?’ ಅಂತ ಕೇಳ್ತಾರೆ. ಇಪ್ಪತ್ಮೂರರವನಿಗೆ ‘ಇಲ್ಲಿವರೆಗೆ ಏನು ಮಾಡಿದ್ದೀಯ?’ ಅಂತ ಕೇಳ್ತಾರೆ. ಎರಡು ಪ್ರಶ್ನೆಗೂ ಅಗ್ಗದ ಉತ್ತರವೇ ಬರೋದು.

ಪ್ರಶ್ನೆ: ಪುಹೋಲ್ಸ್ ಕಥೆ ಅಲ್ಲಿಗೆ ಮುಗಿಯಲಿಲ್ಲ.

ಪಟ್ಟಿ: (ಸ್ವಲ್ಪ ಹೊತ್ತು ಸುಮ್ಮನಿದ್ದು) ಡಾಡ್ಜರ್ಸ್ ಕನಿಷ್ಠ ಸಂಬಳಕ್ಕೆ ಕರೆದರು. ಮರುವರ್ಷ ಸೇಂಟ್ ಲೂಯಿಸ್‌ನವರು 25 ಲಕ್ಷ ಡಾಲರಿಗೆ ವಾಪಸ್ ಕರೆಸಿದರು, ಅಭಿಮಾನಿಗಳು ಚಪ್ಪಾಳೆ ತಟ್ಟಿ ಬೀಳ್ಕೊಡಲಿ ಅಂತ. 42 ವರ್ಷದ ಆ ಮನುಷ್ಯ 24 ಹೋಮ್‌ರನ್ ಹೊಡೆದ. ಒಟ್ಟು 703. ಬಾಂಡ್ಸ್, ಏರನ್, ರೂತ್ ಬಿಟ್ಟರೆ 700 ದಾಟಿದವನು ಅವನೊಬ್ಬನೇ. ಯಾವ ಕಂಪ್ಯೂಟರೂ ಇದನ್ನು ಮುಂಚೆ ಹೇಳಿರಲಿಲ್ಲ.

ಪ್ರಶ್ನೆ: ಹಾಗಾದರೆ ವಯಸ್ಸಿನ ಲೆಕ್ಕವೇ ಸುಳ್ಳು?

ಪಟ್ಟಿ: ಸುಳ್ಳಲ್ಲ. ನೂರು ಜನರ ಮೇಲೆ ಅದು ನಿಜ, ಒಬ್ಬನ ಮೇಲೆ ಜೂಜು. ಬಾಲ್ಟಿಮೋರ್‌ನ ಕ್ರಿಸ್ ಡೇವಿಸ್‌ನನ್ನು ನೋಡಿ. 2016ರಲ್ಲಿ ಏಳು ವರ್ಷಕ್ಕೆ 16.1 ಕೋಟಿ ಡಾಲರ್ ಬರೆದುಕೊಟ್ಟರು. 2018ರ ಕೊನೆಯಿಂದ 2019ರ ಏಪ್ರಿಲ್‌ವರೆಗೆ ಸತತ 54 ಸಲ ಹಿಟ್ ಇಲ್ಲ. ಲೆಕ್ಕ ಗೆಲ್ಲೋದು ಅಂದರೆ ಹೀಗೆ, ಅಳಬೇಕು ಅನ್ನಿಸುತ್ತೆ.

ಪ್ರಶ್ನೆ: ನಿಮ್ಮಿಂದ ಯಾರಿಗಾದರೂ ಉಪಕಾರವಾದದ್ದುಂಟೇ?

ಪಟ್ಟಿ: ಉಂಟು, ಬರೆದುಕೊಳ್ಳಿ. ಸ್ಯಾಚೆಲ್ ಪೇಜ್. ತನ್ನ ಕಾಲದ ಮಹಾ ಪಿಚರ್, ಕಪ್ಪು ಮನುಷ್ಯ. 1947ರವರೆಗೆ ಕಪ್ಪು ಆಟಗಾರರ ಹೆಸರು ನನ್ನ ಮೇಲೆ ಏರುವಂತಿರಲಿಲ್ಲ. ಹಾಗಂತ ಎಲ್ಲೂ ಬರೆದಿರಲಿಲ್ಲ, ಆದರೂ ಯಾರೂ ಮೀರಲಿಲ್ಲ. 1948ರಲ್ಲಿ ಕ್ಲೀವ್ಲೆಂಡ್ ತಂಡ ಸೇರಿದಾಗ ಆತನಿಗೆ 42. ಹೊಸಬ ಅಂತ ನಮೂದಾಯ್ತು! 1965ರಲ್ಲಿ ಕ್ಯಾನ್ಸಸ್ ಸಿಟಿಯ ಮಾಲೀಕರು 59ರ ಆತನನ್ನು ತೂಗುಕುರ್ಚಿಯಲ್ಲಿ ಕೂರಿಸಿ, ಪಕ್ಕದಲ್ಲಿ ನರ್ಸ್ ನಿಲ್ಲಿಸಿ ತಮಾಷೆ ಮಾಡಿದರು. ಆತ ಎದ್ದು ಹೋಗಿ ಮೂರು ಇನಿಂಗ್ಸ್ ಎಸೆದ. ಒಂದೇ ಹಿಟ್, ಒಂದು ಓಟವೂ ಇಲ್ಲ. ಆದರೂ ಪಿಂಚಣಿಗೆ ಸೇವಾದಿನ ಸಾಲದೆ ಬಂತು. 1968ರಲ್ಲಿ ಅಟ್ಲಾಂಟಾ ಬ್ರೇವ್ಸ್‌ನವರು ಆ ದಿನಗಳು ತುಂಬಲಿ ಅಂತಲೇ ಹೆಸರು ಸೇರಿಸಿಕೊಂಡರು.

ಪ್ರಶ್ನೆ: ಉಪಕಾರ ಮಾಡಿದ್ದು ಬ್ರೇವ್ಸ್. ಆತನ ದಿನಗಳನ್ನು ತಿಂದದ್ದು ನೀವು.

ಪಟ್ಟಿ: ನಾನು ಬರೀ ಬೋರ್ಡು ಸ್ವಾಮಿ. ಬಿಲ್ಲೆ ಅಂಟಿಸುವ ಕೈ ಬೇರೆ.

ಪ್ರಶ್ನೆ: ಅದಲುಬದಲಿನಲ್ಲಿ ಎಂದಾದರೂ ಸರಿಸಮಾನ ಬೆಲೆ ಬಂದಿದೆಯೇ?

ಪಟ್ಟಿ: ಒಂದು ಸಲ, ಪೈಸೆಗೆ ಪೈಸೆ. 1962ರಲ್ಲಿ ಕ್ಲೀವ್ಲೆಂಡ್‌ನವರು ಹ್ಯಾರಿ ಚಿಟಿ ಎಂಬ ಕ್ಯಾಚರನ್ನು ನ್ಯೂಯಾರ್ಕ್ ಮೆಟ್ಸ್‌ಗೆ ಕೊಟ್ಟರು. ಬದಲಿಗೆ ಯಾರನ್ನು ಕೊಡೋದು ಅಂತ ಆಮೇಲೆ ತಿಳಿಸ್ತೀವಿ ಅಂದರು ಮೆಟ್ಸ್‌ನವರು. ಎರಡು ತಿಂಗಳು ತುಂಬುವ ಮುಂಚೆ ತಿಳಿಸಿದರು: ಹ್ಯಾರಿ ಚಿಟಿ.

ಪ್ರಶ್ನೆ: ಕೊನೆಯ ಪ್ರಶ್ನೆ. ನಿಮ್ಮ ಕೈಗೆ ಸಿಗದೆ ತಪ್ಪಿಸಿಕೊಂಡ ಹಿರಿಯ ಯಾರಾದರೂ ಇದ್ದಾರೆಯೇ?

ಪಟ್ಟಿ: ಬಾಬಿ ಬೋನಿಲ್ಲಾ. 2000ದಲ್ಲಿ ಮೆಟ್ಸ್‌ನವರಿಗೆ ಆತ ಬೇಡವಾದ, ಕೊಡಬೇಕಾದ 59 ಲಕ್ಷ ಡಾಲರ್ ಬಾಕಿ ಇತ್ತು. ಮಾಲೀಕರ ಹಣ ಆಗ ಬರ್ನಿ ಮೇಡಾಫ್ ಎಂಬ ಹೂಡಿಕೆ ವ್ಯವಹಾರಿಯ ಬಳಿ ಬೆಳೆಯುತ್ತಿತ್ತು, ಅಥವಾ ಬೆಳೆಯುತ್ತಿದೆ ಅಂತ ಅವರು ನಂಬಿದ್ದರು. ಈಗ ಯಾಕೆ ಕೊಡಬೇಕು, ಶೇಕಡಾ 8ರ ಬಡ್ಡಿ ಸೇರಿಸಿ 2011ರಿಂದ ಕಂತಿನಲ್ಲಿ ಕೊಡೋಣ ಅಂದರು. ಮೇಡಾಫ್ ವಂಚನೆಗಾಗಿ ಜೈಲಿಗೆ ಹೋದ, ಆ ಮಾಲೀಕರು ತಂಡ ಮಾರಿದರು. ಬೋನಿಲ್ಲಾ ಕೊನೆಯ ಪಂದ್ಯ ಆಡಿದ್ದು 2001ರಲ್ಲಿ. ಮೆಟ್ಸ್‌ನವರು ಇವತ್ತಿಗೂ ಪ್ರತಿ ಜುಲೈ 1ಕ್ಕೆ ಆತನಿಗೆ 11,93,248 ಡಾಲರ್ 20 ಸೆಂಟ್ ಕೊಡ್ತಾರೆ. ಕೊನೆಯ ಕಂತು 2035ರಲ್ಲಿ. ಆಗ ಆತನಿಗೆ 72 ವರ್ಷ.