ಏಕಫೋನ್‌ವ್ರತಸ್ಥರು

ಸ್ಮಾರ್ಟ್‌ಫೋನು ಕನ್ನಡನಾಡಿನ ಮಧ್ಯಮವರ್ಗದ ಮನೆಗಳಲ್ಲಿ ನೆಲೆಯೂರಿದ ಮೇಲೆ ರೂಪುಗೊಂಡ ವ್ಯಕ್ತಿಮಾದರಿಗಳಲ್ಲಿ ಎರಡು ಮುಖ್ಯವಾದವು. ಒಂದು, ಹಳೆಯ ಫೋನಿನ ಕಂತು ತೀರುವ ಮೊದಲೇ ಹೊಸ ಫೋನಿನ ಕಂತಿಗೆ ಸಹಿ ಹಾಕುವವರದು; ಇವರ ಸಮಗ್ರ ಅಧ್ಯಯನವನ್ನು ಸಾಲ ಕೊಡುವವರು ಈಗಾಗಲೇ ನಡೆಸಿರುವುದರಿಂದ ಇಲ್ಲಿ ವಿಸ್ತರಿಸಬೇಕಾಗಿಲ್ಲ. ಇನ್ನೊಂದು, ಒಮ್ಮೆ ಕೈಹಿಡಿದ ಫೋನನ್ನು ಅದು ತಾನಾಗಿ ಕೈಕೊಡುವ ತನಕ ಬಿಡದವರದು. ಈ ಎರಡನೆಯ ವರ್ಗದವರನ್ನು ಏಕಫೋನ್‌ವ್ರತಸ್ಥರೆಂದು ಕರೆಯುವುದು ಉಚಿತ. ಹೊಸ ಫೋನು ಕೊಳ್ಳಲು ಹಣವಿಲ್ಲದೆ ಹಳೆಯದರಲ್ಲೇ ದಿನ ದೂಡುವವರು ಈ ವರ್ಗಕ್ಕೆ ಸೇರುವುದಿಲ್ಲ, ಏಕೆಂದರೆ ಅವರು ತಮ್ಮ ಫೋನಿನ ಕುರಿತು ಭಾಷಣ ಮಾಡುವುದಿಲ್ಲ. ವ್ರತಸ್ಥರಿಗಾದರೋ ತಿಂಗಳಿಗೆ ಸರಿಯಾಗಿ ಸಂಬಳವೋ ಪಿಂಚಣಿಯೋ ಬರುತ್ತಿರುತ್ತದೆ, ಮತ್ತು ಭಾಷಣವೇ ಅವರ ವ್ರತದ ಪ್ರಧಾನ ಅಂಗವಾಗಿರುತ್ತದೆ.

ವ್ರತದ ವಸ್ತು ಮನೆಯಿಂದ ಮನೆಗೆ ಬೇರೆಯಾದರೂ, 2017ರ ಜನವರಿಯಲ್ಲಿ ಭಾರತದ ಮಾರುಕಟ್ಟೆಗೆ ಬಂದ ರೆಡ್‌ಮಿ ನೋಟ್ 4 ಎಂಬ ಫೋನನ್ನು ಅದರ ಉತ್ತಮ ಮಾದರಿಯಾಗಿ ತೆಗೆದುಕೊಳ್ಳಬಹುದು. 2016ರ ಸೆಪ್ಟೆಂಬರಿನಲ್ಲಿ ಜಿಯೋ ತನ್ನ 4ಜಿ ಸೇವೆಯನ್ನು ತೆರೆದು, ಅಲ್ಲಿಯವರೆಗೆ ತೊಟ್ಟುತೊಟ್ಟಾಗಿ ಬಳಸುತ್ತಿದ್ದ ಇಂಟರ್ನೆಟ್ಟನ್ನು ಹೊಳೆಯಾಗಿ ಹರಿಸಿದ ಕೆಲವೇ ತಿಂಗಳಿಗೆ ಈ ಫೋನು 9,999 ರೂಪಾಯಿಯ ಆರಂಭಿಕ ಬೆಲೆಗೆ ಬಂದಿತು. ಆದ್ದರಿಂದ ದೂರದೂರಿನ ಮಗಳ ಮುಖವನ್ನು ಮೊದಲ ಬಾರಿಗೆ ತಡೆಯಿಲ್ಲದೆ ತೋರಿಸಿದ ಕೀರ್ತಿ ಎಷ್ಟೋ ಮನೆಗಳಲ್ಲಿ ಇದಕ್ಕೇ ಸಂದಿತು. ಅಂಥ ಉಪಕಾರವನ್ನು ಮರೆಯುವುದು ವ್ರತಸ್ಥರ ಜಾಯಮಾನದಲ್ಲಿಲ್ಲ. ಇಂದಿಗೂ ಅವರ ಅಂಗಿಯ ಜೇಬಿನಲ್ಲಿ, ಮೂಲತಃ ಪಾರದರ್ಶಕವಾಗಿದ್ದು ಈಗ ಅರಿಶಿನ ಬಣ್ಣಕ್ಕೆ ತಿರುಗಿರುವ ರಬ್ಬರ್ ಕವಚದೊಳಗೆ ಆ ಫೋನು ಇರುತ್ತದೆ. ಕವಚ ಮತ್ತು ಫೋನಿನ ನಡುವೆ ಒಂದು ಸಣ್ಣ ದೇವರ ಪಟ, ಮಡಿಸಿದ ಐವತ್ತರ ನೋಟು ಮತ್ತು ಓದಲಾಗದಷ್ಟು ಮಾಸಿದ ಔಷಧದಂಗಡಿಯ ಚೀಟಿ ಇರುತ್ತವೆ.

ತಮ್ಮ ಫೋನು ಹೊಸ ಮಾದರಿಗಳಿಗೆ ಯಾವ ರೀತಿಯಲ್ಲೂ ಕಡಿಮೆಯಲ್ಲವೆಂದು ಸ್ಥಾಪಿಸಲು ವ್ರತಸ್ಥರು ಬಳಸುವ ವಾದಗಳನ್ನು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂಬ ನಾಲ್ಕು ಪ್ರಮಾಣಗಳಲ್ಲಿ ವಿಂಗಡಿಸಬಹುದು.

ಪ್ರತ್ಯಕ್ಷ ಪ್ರಮಾಣದಲ್ಲಿ ಅವರ ಪಕ್ಷ ಬಲವಾಗಿಯೇ ಇದೆ. ಈ ಫೋನಿನ ಮಿದುಳಾದ ಸ್ನ್ಯಾಪ್‌ಡ್ರಾಗನ್ 625 ಎಂಬ ಚಿಪ್ಪು 14 ನ್ಯಾನೋಮೀಟರ್ ವಿಧಾನದಲ್ಲಿ ತಯಾರಾದುದು. ನ್ಯಾನೋಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲೊಂದು ಭಾಗ, ಚಿಪ್ಪಿನ ತಯಾರಿಕೆಯಲ್ಲಿ ಈ ಅಂಕಿ ಕಿರಿದಾದಷ್ಟೂ ಸಾಮಾನ್ಯವಾಗಿ ವಿದ್ಯುತ್ತು ಕಡಿಮೆ ಸಾಕಾಗುತ್ತದೆ, ಬಿಸಿಯೂ ಕಡಿಮೆಯಾಗುತ್ತದೆ. ಮಿತವ್ಯಯಿಯಾದ ಈ ಚಿಪ್ಪಿಗೆ 4,100 ಎಂಎಎಚ್ ಸಾಮರ್ಥ್ಯದ ಬ್ಯಾಟರಿ ಜೊತೆಯಾದ್ದರಿಂದ, ಹೊಸದರಲ್ಲಿ ಈ ಫೋನು ಚಾರ್ಜರನ್ನು ಮರೆತು ಊರಿಗೆ ಹೋದವರನ್ನೂ ಕಾಪಾಡುತ್ತಿತ್ತು. ಇಯರ್‌ಫೋನ್ ಚುಚ್ಚುವ 3.5 ಮಿಲಿಮೀಟರಿನ ರಂಧ್ರ ಇದರಲ್ಲಿದೆ, ಆ ಇಯರ್‌ಫೋನಿನ ತಂತಿಯನ್ನೇ ಆಂಟೆನಾ ಮಾಡಿಕೊಂಡು ಎಫ್‌ಎಂ ರೇಡಿಯೋ ಹಾಡುತ್ತದೆ, ಮತ್ತು ನೆತ್ತಿಯ ಮೇಲಿನ ಅತಿಗೆಂಪು ಕಿರಣದ ಕಣ್ಣಿನಿಂದ ಟಿವಿಯನ್ನು ರಿಮೋಟಿನಂತೆ ನಡೆಸಬಹುದು. ಈ ಕೊನೆಯ ಸೌಲಭ್ಯವನ್ನು ವ್ರತಸ್ಥರು ಬಂಧುಗಳ ಮನೆಯಲ್ಲಿ, ಧಾರಾವಾಹಿ ನಿರ್ಣಾಯಕ ಘಟ್ಟ ತಲುಪಿದಾಗ, ಯಾರಿಗೂ ಹೇಳದೆ ವಾರ್ತೆಗೆ ತಿರುಗಿಸಲು ಬಳಸುತ್ತಾರೆ. ಲಕ್ಷ ರೂಪಾಯಿಯ ಎಷ್ಟೋ ಫೋನುಗಳಿಗೆ ಈ ಶಕ್ತಿಯಿಲ್ಲವೆಂಬುದನ್ನು ಅನಂತರ ತಾವೇ ಪ್ರಕಟಿಸುತ್ತಾರೆ.

ಅನುಮಾನ ಪ್ರಮಾಣವು ಕಂಪನಿಗಳ ಉದ್ದೇಶಕ್ಕೆ ಸಂಬಂಧಿಸಿದ್ದು. ಬ್ಯಾಟರಿ ಸವೆದ ಹಳೆಯ ಐಫೋನುಗಳ ವೇಗವನ್ನು ತಂತ್ರಾಂಶದ ಮೂಲಕ ತಗ್ಗಿಸಿದ್ದುದನ್ನು ಆ್ಯಪಲ್ ಕಂಪನಿ 2017ರ ಡಿಸೆಂಬರಿನಲ್ಲಿ ಒಪ್ಪಿಕೊಂಡಿತಷ್ಟೆ. ಫೋನು ಇದ್ದಕ್ಕಿದ್ದಂತೆ ಆರಿಹೋಗುವುದನ್ನು ತಪ್ಪಿಸಲು ಹಾಗೆ ಮಾಡಿದೆವೆಂದು ಕಂಪನಿ ಹೇಳಿದ್ದು, ಬ್ಯಾಟರಿ ಬದಲಾವಣೆಯ ದರವನ್ನು 79 ಡಾಲರಿನಿಂದ 29 ಡಾಲರಿಗೆ ಇಳಿಸಿದ್ದು, ಬ್ಯಾಟರಿ ಬದಲಿಸಿದ ಫೋನುಗಳು ಮತ್ತೆ ಚುರುಕಾದದ್ದು, ಇವೆಲ್ಲ ಆ ಸುದ್ದಿಯ ಉತ್ತರಾರ್ಧ. ವ್ರತಸ್ಥರು ಪೂರ್ವಾರ್ಧವನ್ನು ಮಾತ್ರ ಕಂಠಪಾಠ ಮಾಡಿದ್ದಾರೆ, ಮತ್ತು ತಮ್ಮ ಫೋನು ಆ ಕಂಪನಿಯದೇ ಅಲ್ಲವೆಂಬುದು ಅವರ ಅನುಮಾನಕ್ಕೆ ಬಾಧಕವಾಗಿಲ್ಲ.

ಉಪಮಾನ ಪ್ರಮಾಣಕ್ಕೆ ಒಬ್ಬ ಪ್ರತಿವಾದಿ ಬೇಕಾಗುತ್ತಾನೆ. ಸಾಮಾನ್ಯವಾಗಿ ಆತ ಬೆಂಗಳೂರಿನ ಐಟಿ ಕಂಪನಿಯಲ್ಲಿರುವ ಅಕ್ಕನ ಮಗ, ವಾದಸ್ಥಳ ಗೃಹಪ್ರವೇಶದ ಊಟದ ಚಪ್ಪರ. ಇಬ್ಬರ ಫೋನಿನಿಂದಲೂ ಒಂದೇ ನಂಬರಿಗೆ ಕರೆ ಮಾಡಿಸಿ, ಎರಡೂ ರಿಂಗಾದವೆಂದು ಪಂಕ್ತಿಯಲ್ಲಿದ್ದವರಿಗೆಲ್ಲ ತೋರಿಸಿ, “ನಿಂದು ಎಂಬತ್ತು ಸಾವಿರದ್ದಲ್ವೇನೋ, ಅದರಲ್ಲಿ ಹಲೋ ಅಂದ್ರೆ ಎರಡು ಸಲ ಕೇಳಿಸುತ್ತಾ?” ಎಂಬ ಪ್ರಶ್ನೆಯನ್ನು ವ್ರತಸ್ಥರು ಎಸೆಯುತ್ತಾರೆ. “ಹಾಗಲ್ಲ ಮಾವ, ಇದು 5ಜಿ” ಎಂದು ಆತ ಆರಂಭಿಸುವಷ್ಟರಲ್ಲಿ, 2022ರ ಅಕ್ಟೋಬರಿನಲ್ಲಿ ದೇಶಕ್ಕೆ ಬಂದ ಆ ಸೇವೆಯಿಂದ ತಮ್ಮ ಬೀದಿಯ ಕಸದ ಗಾಡಿಯೂ ಬೇಗ ಬರಲಿಲ್ಲವೆಂಬ ಉತ್ತರ ಸಿದ್ಧವಾಗಿರುತ್ತದೆ. ಆತ ಸೋಲೊಪ್ಪದೆ ಸಂಜೆಯ ಮಬ್ಬಿನಲ್ಲಿ ಇಬ್ಬರ ಫೋನಿನಿಂದಲೂ ಅಜ್ಜಿಯ ಫೋಟೋ ತೆಗೆಯುತ್ತಾನೆ. ಹೊಸ ಫೋನು ಕಣ್ಣು ಮಿಟುಕಿಸುವುದರೊಳಗೆ ಹಲವು ಚಿತ್ರಗಳನ್ನು ಹಿಡಿದು, ಲೆಕ್ಕಾಚಾರದಿಂದ ಅವನ್ನು ಒಂದಾಗಿ ಹೊಂದಿಸಿ ಬೆಳಕು ತುಂಬುವುದರಿಂದ, ಅದರಲ್ಲಿ ಅಜ್ಜಿಯ ಮೂಗುಬೊಟ್ಟಿನ ಹರಳೂ ಎಣಿಸಬರುತ್ತದೆ. ಹಳೆಯದರಲ್ಲಿ ಕಾಣುವುದು ಅಜ್ಜಿಯೋ ಅಕ್ಕಿಮೂಟೆಯೋ ಎಂಬುದು ನಿರ್ಣಯವಾಗುವುದಿಲ್ಲ. ವ್ರತಸ್ಥರು ಎರಡನ್ನೂ ಕನ್ನಡಕ ಏರಿಸಿ ನೋಡಿ, “ಕತ್ತಲೆ ಇತ್ತು, ಕತ್ತಲೆ ಬಂದಿದೆ, ಸುಳ್ಳು ಹೇಳ್ತಿರೋದು ನಿನ್ನ ಫೋನು” ಎಂದು ತೀರ್ಪು ಕೊಡುತ್ತಾರೆ. ಆಮೇಲೆ ಸ್ವಲ್ಪ ತಡೆದು, ಕೆಳದನಿಯಲ್ಲಿ, “ಅಜ್ಜೀದು ನನಗೂ ಕಳಿಸೋ” ಎನ್ನುತ್ತಾರೆ.

ಶಬ್ದ ಪ್ರಮಾಣವೆಂದರೆ ಆಪ್ತವಾಕ್ಯ, ಅಂದರೆ ನಂಬಿಕೆಗೆ ಅರ್ಹನಾದವನ ಮಾತು. ಇಲ್ಲಿ ಆ ಸ್ಥಾನ ಸಲ್ಲುವುದು ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲೋ ಜಿಲ್ಲಾಕೇಂದ್ರದ ಬಸ್‌ಸ್ಟ್ಯಾಂಡಿನ ಪಕ್ಕದಲ್ಲೋ ಇರುವ ಮೊಬೈಲ್ ರಿಪೇರಿಯವನಿಗೆ. ಲೀಥಿಯಂ ಅಯಾನ್ ಬ್ಯಾಟರಿಯು ಪ್ರತಿ ಚಾರ್ಜಿಗೂ ತುಸುತುಸುವೇ ಸವೆದು, ಒಳಗಿನ ವಿದ್ಯುತ್ ಪ್ರತಿರೋಧ ಏರುವುದರಿಂದ, ತೆರೆಯ ಮೇಲೆ ಶೇಕಡಾ 30 ಎಂದು ತೋರಿಸುತ್ತಿರುವಾಗಲೇ ಫೋನು ಆರಿಹೋಗುವ ಹಂತ ಬರುತ್ತದೆ. ಕೆಲವೊಮ್ಮೆ ಒಳಗೆ ಅನಿಲ ತುಂಬಿ ಬ್ಯಾಟರಿ ಉಬ್ಬಿ, ತೆರೆಯನ್ನೇ ಮೇಲೆತ್ತುತ್ತದೆ. ಆಗ ರಿಪೇರಿಯವನು ಹಿಂಬದಿಯನ್ನು ಬಿಚ್ಚಿ, ಹೊಸ ಬ್ಯಾಟರಿ ಕೂರಿಸುತ್ತ, “ಇಂಥ ಬಾಡಿ ಈಗ ಬರಲ್ಲ ಸಾರ್, ಮಾರಬೇಡಿ” ಎನ್ನುತ್ತಾನೆ. ಈ ವಾಕ್ಯವನ್ನು ಆತ ಎಲ್ಲ ಗಿರಾಕಿಗಳಿಗೂ ಎಲ್ಲ ಫೋನುಗಳ ಬಗ್ಗೆಯೂ ಹೇಳುತ್ತಾನೆಂಬುದು ಅದರ ಪ್ರಾಮಾಣ್ಯವನ್ನು ಕುಗ್ಗಿಸುವುದಿಲ್ಲ.

ಈ ಪೂರ್ವಪಕ್ಷಕ್ಕೆ ಮೊದಲ ಆಕ್ಷೇಪ, ಅದು ಕಣ್ಣಿಗೆ ಕಾಣುವುದನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತದೆಂಬುದು. ಫೋನಿನ ತಂತ್ರಾಂಶದಲ್ಲಿ ಕಳ್ಳರು ನುಸುಳಬಹುದಾದ ಬಿರುಕುಗಳು ಸದಾ ಪತ್ತೆಯಾಗುತ್ತಿರುತ್ತವೆ. ಅವನ್ನು ಮುಚ್ಚಲು ಕಾಲಕಾಲಕ್ಕೆ ಬರುವ ತೇಪೆಯನ್ನೇ ಸೆಕ್ಯುರಿಟಿ ಪ್ಯಾಚ್ ಎನ್ನುತ್ತಾರೆ. ರೆಡ್‌ಮಿ ನೋಟ್ 4 ಆಂಡ್ರಾಯ್ಡಿನ ಆರನೆಯ ಆವೃತ್ತಿಯೊಂದಿಗೆ ಬಂದು, ಏಳಕ್ಕೇರಿ, ಅಲ್ಲಿಯೇ ನಿಂತಿತು. ಆಂಡ್ರಾಯ್ಡ್ 2025ರಲ್ಲಿ ಹದಿನಾರಕ್ಕೆ ಮುಟ್ಟಿದೆ. ತೇಪೆ ನಿಂತ ಫೋನು ಮೊದಲಿನಷ್ಟೇ ಚೆನ್ನಾಗಿ ಮಾತಾಡುತ್ತದೆ, ಹಾಡುತ್ತದೆ, ಚಾನೆಲ್ ಬದಲಿಸುತ್ತದೆ, ಆದರೆ ಅದರ ಹಿತ್ತಿಲ ಬಾಗಿಲಿಗೆ ಅಗುಳಿಯಿರುವುದಿಲ್ಲ. ಹವ್ಯಾಸಿ ತಂತ್ರಜ್ಞರು ಸಿದ್ಧಪಡಿಸಿದ ಲಿನಿಯೇಜ್‌ಓಎಸ್‌ನಂಥ ಹೊಸ ತಂತ್ರಾಂಶವನ್ನು ಹಾಕಿಕೊಳ್ಳಬಹುದಾದರೂ, ಹಾಗೆ ಬೀಗ ತೆಗೆದ ಫೋನುಗಳಲ್ಲಿ ಬ್ಯಾಂಕಿನ ಹಲವು ಆ್ಯಪ್‌ಗಳು ಕೆಲಸ ಮಾಡಲು ನಿರಾಕರಿಸುತ್ತವೆ. 2025ರ ಆರಂಭದಿಂದ ವಾಟ್ಸ್‌ಆ್ಯಪ್ ನಡೆಯಲು ಆಂಡ್ರಾಯ್ಡ್ 5 ಆದರೂ ಬೇಕೆಂಬ ನಿಯಮ ಬಂದಾಗ ಎಚ್ಚರಗೊಳ್ಳಬೇಕಾಗಿದ್ದ ವ್ರತಸ್ಥರು, ಏಳರಿಂದ ಐದನ್ನು ಕಳೆದು, ಇನ್ನೂ ಎರಡು ಮೆಟ್ಟಿಲು ಬಾಕಿಯಿದೆಯೆಂದು ಸಂಭ್ರಮಿಸಿದರು.

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದುದು. ವ್ರತಸ್ಥರ ದಿನಚರಿಯನ್ನು ಹತ್ತಿರದಿಂದ ಗಮನಿಸಿದರೆ, ಕಿರಾಣಿ ಅಂಗಡಿಯಲ್ಲಿ ಕ್ಯೂಆರ್ ಕೋಡಿನ ಮುಂದೆ ಅವರ ಫೋನಿನ ಕ್ಯಾಮೆರಾ ಕಣ್ಣು ತೆರೆಯುವುದರೊಳಗೆ ಹಿಂದಿನ ಮೂವರು ಕೆಮ್ಮಿರುತ್ತಾರೆ, “ನೆಟ್‌ವರ್ಕ್ ಸರಿಯಿಲ್ಲ” ಎಂಬ ಘೋಷಣೆಯಾಗುತ್ತದೆ, ಕಡೆಗೆ ದುಡ್ಡು ಸಂದಾಯವಾಗುವುದು ಹೆಂಡತಿಯ ಹೊಸ ಫೋನಿನಿಂದ. ರೈಲಿನ ಟಿಕೆಟ್ಟು ಮಗಳ ಫೋನಿನಲ್ಲಿ, ಪ್ರವಾಸದ ಫೋಟೋಗಳು ಅಳಿಯನ ಫೋನಿನಲ್ಲಿ, ದಾರಿ ತೋರುವ ನಕಾಶೆ ಟ್ಯಾಕ್ಸಿಯವನ ಫೋನಿನಲ್ಲಿ ಇರುತ್ತದೆ. ಶುಭೋದಯದ ಚಿತ್ರಗಳಿಂದ ತುಂಬಿ ತುಳುಕುವ ತಮ್ಮ ಫೋನಿನಲ್ಲಿ ಅವಕ್ಕೆ ಜಾಗವಿರುವುದಿಲ್ಲ. ಹಳೆಯ ಫೋನು ಹೊಸದಕ್ಕೆ ಸರಿಸಮವೆಂಬ ಸಿದ್ಧಾಂತ, ಸುತ್ತ ನಾಲ್ಕು ಹೊಸ ಫೋನುಗಳಿರುವ ಮನೆಯಲ್ಲಿ ಮಾತ್ರ ಅಬಾಧಿತವಾಗಿ ಉಳಿಯುತ್ತದೆ.

ಆದರೂ ವ್ರತವನ್ನು ಪೂರ್ತಿಯಾಗಿ ಅಲ್ಲಗಳೆಯುವಂತಿಲ್ಲ. ಗೂಗಲ್ 2023ರ ಪಿಕ್ಸೆಲ್ 8ರಿಂದ, ಸ್ಯಾಮ್‌ಸಂಗ್ 2024ರ ಗ್ಯಾಲಕ್ಸಿ ಎಸ್24ರಿಂದ ಏಳು ವರ್ಷ ತಂತ್ರಾಂಶ ಕೊಡುವ ಭರವಸೆ ನೀಡಿರುವುದು, ಫೋನನ್ನು ಬಹುಕಾಲ ಬಾಳಿಸಬೇಕೆಂಬ ವ್ರತಸ್ಥರ ಮೂಲತತ್ತ್ವಕ್ಕೆ ಕಂಪನಿಗಳೇ ತಲೆಬಾಗಿದ್ದಕ್ಕೆ ಸಾಕ್ಷಿ. ಒಟ್ಟಿನಲ್ಲಿ ತೀರ್ಮಾನವಿಷ್ಟು: ಮಾತಿಗೆ, ರೇಡಿಯೋಗೆ, ಬಂಧುಗಳ ಟಿವಿಗೆ ಹಳೆಯ ಫೋನು ಇಂದಿಗೂ ಸಮರ್ಥ; ತೇಪೆ ನಿಂತ ಫೋನಿನಲ್ಲಿ ಬ್ಯಾಂಕಿನ ಖಾತೆ ಇರಕೂಡದು; ಬ್ಯಾಟರಿ ಉಬ್ಬಿದ ದಿನವೇ ಅದನ್ನು ಬದಲಿಸಬೇಕು; ಇನ್ನು ಹೊಸದನ್ನು ಕೊಳ್ಳುವವರು ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ಲಿನದೆಂದು ವಿಚಾರಿಸುವ ಮೊದಲು, ತೇಪೆ ಎಷ್ಟು ವರ್ಷ ಬರುತ್ತದೆಂದು ಅಂಗಡಿಯವನನ್ನು ಕೇಳುವುದು ಒಳ್ಳೆಯದು.