ಮುಧೋಳ ಡೌನ್

ಜಮಖಂಡಿಯಲ್ಲಿ ಹರೆಯದ ಹುಡುಗನೊಬ್ಬ ರಾತ್ರಿ ಹೊತ್ತು ದಪ್ಪ ಪುಸ್ತಕ ಹಿಡಿದು ಕುಳಿತನೆಂದರೆ ಅವನು ಪಿಎಸ್‌ಐ ಪರೀಕ್ಷೆಗೆ ಓದುತ್ತಿರಬೇಕು, ಇಲ್ಲವೇ ಕೆಎಎಸ್‌ಗೆ. ಮೂರನೆಯ ಪರೀಕ್ಷೆ ಓಣಿಯ ಲೆಕ್ಕದಲ್ಲಿಲ್ಲ. ನಾನು ಓದುತ್ತಿದ್ದದ್ದು ಸಿಸ್ಕೋ ಕಂಪನಿಯ ಸಿಸಿಐಇಗೆ. ಕಂಪ್ಯೂಟರ್ ನೆಟ್‌ವರ್ಕಿನ ಕಸುಬಿನಲ್ಲಿ ಅದಕ್ಕೆ ದೊಡ್ಡ ಹೆಸರು. ಯಾರಾದರೂ ಕೇಳಿದಾಗ ಹೇಳಿದರೆ, "ಸಿಬಿಐ ಏನ?" ಎನ್ನುತ್ತಿದ್ದರು. ಮೊದಮೊದಲು ತಿದ್ದುತ್ತಿದ್ದೆ. ಆಮೇಲೆ ಚಹಾದಂಗಡಿಯಲ್ಲಿ ಎದ್ದು ಜಾಗ ಬಿಡತೊಡಗಿದ್ದು ಕಂಡು ಸುಮ್ಮನಾದೆ.

ಮೊದಲು ಎರಡು ತಾಸಿನ ಪರೀಕ್ಷೆ, ಅದು ದಾಟಿದರೆ ಎಂಟು ತಾಸಿನ ಲ್ಯಾಬ್. ಮೊದಲಿನದು ಬಾಯಿಪಾಠದಿಂದ ಹೇಗೋ ದಾಟೀತು, ಲ್ಯಾಬಿಗೆ ಕೈ ಪಳಗಬೇಕು. ನಿಜವಾದ ರೌಟರ್ ಕೊಳ್ಳಲು ಹೋದರೆ ಹೊಲ ಮಾರಬೇಕು. ಹೀಗಾಗಿ ಒಂದೇ ಕಂಪ್ಯೂಟರಿನೊಳಗೆ ಹತ್ತಾರು ಸುಳ್ಳು ರೌಟರ್ ಓಡಿಸುವ ಸಾಫ್ಟ್‌ವೇರ್ ಹಾಕಿಕೊಂಡೆ. ಪುಸ್ತಕದಲ್ಲಿ ಅವುಗಳ ಹೆಸರು ಆರ್-1, ಆರ್-2. ನಾನು ಜಮಖಂಡಿ, ಮುಧೋಳ, ಬೀಳಗಿ, ಮಹಾಲಿಂಗಪುರ ಎಂದಿಟ್ಟೆ. ರಬಕವಿ-ಬನಹಟ್ಟಿಗೆ ಬಂದಾಗ ಕೈ ತಡೆಯಿತು: ನಗರಸಭೆ ಒಂದೇ, ಊರು ಎರಡು. ಎರಡು ಸ್ವಿಚ್ ಜೋಡಿಸಿ ಹೊರಗಿನವರಿಗೆ ಒಂದೇ ಎಂದು ತೋರಿಸುವ ಸ್ಟ್ಯಾಕಿಂಗ್ ಎಂಬ ಪದ್ಧತಿ ಇದೆ. ನಕಾಶೆಯಲ್ಲಿ ಅದನ್ನೇ ಬರೆದೆ. ನನ್ನ ಜತೆ ಓದುತ್ತಿದ್ದ ಬನಹಟ್ಟಿಯ ಗೆಳೆಯ ಅದನ್ನು ನೋಡಿದವನೇ, ಇದರಲ್ಲಿ ಮಾಸ್ಟರ್ ಸ್ವಿಚ್ ಯಾವ ಊರಿನದು ಎಂದು ಜಗಳ ತೆಗೆದ.

ಊರ ಹೆಸರು ಇಟ್ಟಮೇಲೆ ಪಾಠ ತಲೆಗೆ ಹತ್ತಿತು. ಜಮಖಂಡಿಯಿಂದ ವಿಜಯಪುರಕ್ಕೆ ಚಿಕ್ಕಪಡಸಲಗಿ ಮೇಲೆ ಹೋಗುವುದು ನೇರ ದಾರಿ. ಅದು ಬಂದಾದರೆ ಬೀಳಗಿಗೆ ಸುತ್ತು ಹಾಕಿ ಕೊರ್ತಿ-ಕೊಲ್ಹಾರದ ಉದ್ದ ಸೇತುವೆ ಹಿಡಿಯಬೇಕು. ಓಎಸ್‌ಪಿಎಫ್ ಎಂಬ ಪ್ರೋಟೋಕಾಲು ಮಾಡುವುದೂ ಇಷ್ಟೇ: ದಾರಿ ದಾರಿಗೂ ಖರ್ಚು ಕಟ್ಟಿ ಅಗ್ಗದ್ದನ್ನು ಹಿಡಿ, ಅದು ಕೆಟ್ಟರೆ ಮುಂದಿನದನ್ನು ಹಿಡಿ. ಡೈಕ್‌ಸ್ಟ್ರಾ 1959ರಲ್ಲಿ ಪ್ರಕಟಿಸಿದ ಈ ಗಣಿತವನ್ನು ನಮ್ಮ ಬಸ್ಸಿನವರು ಹೊಳೆ ಬಂದಾಗಲೆಲ್ಲ ಮಾಡಿ ತೋರಿಸುತ್ತಾರೆ. ಇನ್ನು ಬಿಜಿಪಿ. ಜಗತ್ತಿನ ದೊಡ್ಡ ದೊಡ್ಡ ಜಾಲಗಳನ್ನು ಒಂದಕ್ಕೊಂದು ಹೆಣೆಯುವುದು ಇದೇ. 1989ರಲ್ಲಿ ಕರ್ಕ್ ಲಾಹೀಡ್, ಯಾಕೊವ್ ರೆಕ್ಟರ್ ಎಂಬ ಇಬ್ಬರು ಎಂಜಿನಿಯರುಗಳು ಊಟದ ಹೊತ್ತಿನಲ್ಲಿ ಕೈ ಒರೆಸುವ ಕಾಗದದ ಮೇಲೆ ಅದನ್ನು ಗೀಚಿದರಂತೆ. ಅದೇ ವರ್ಷ ಚಿಕ್ಕಪಡಸಲಗಿಯಲ್ಲಿ ನಮ್ಮ ರೈತರು ಸರ್ಕಾರಕ್ಕೆ ಕಾಯದೆ, ತಮ್ಮ ದುಡ್ಡು, ತಮ್ಮ ದುಡಿಮೆ ಹಾಕಿ ಕೃಷ್ಣೆಗೆ ಬ್ಯಾರೇಜು ಕಟ್ಟಿ ಶ್ರಮಬಿಂದು ಸಾಗರ ಎಂದು ಕರೆದರು. ಹೀಗಾಗಿ ಆ ಇಸವಿ ಮರೆಯುವ ಪ್ರಶ್ನೆಯೇ ಇರಲಿಲ್ಲ. ಪರೀಕ್ಷೆಯಲ್ಲಿ ಮಾತ್ರ ಯಾರೂ ಕೇಳಲಿಲ್ಲ.

ಗೆಳೆಯನ ಮನೆಗೆ ಅಂಟಿಕೊಂಡೇ ಪವರ್‌ಲೂಮಿನ ಶೆಡ್ಡು. ಫೋನಿನಲ್ಲಿ ಅವನ ಮಾತಿಗಿಂತ ಮಗ್ಗದ ಖಟಖಟ ಸದ್ದೇ ಜಾಸ್ತಿ. ಓಎಸ್‌ಪಿಎಫ್‌ನಲ್ಲಿ ರೌಟರುಗಳು ಹತ್ತು ಸೆಕೆಂಡಿಗೊಮ್ಮೆ 'ಹಲೋ' ಎನ್ನುತ್ತಿರುತ್ತವೆ. ನಲವತ್ತು ಸೆಕೆಂಡು ಹಲೋ ಬಾರದಿದ್ದರೆ ಪಕ್ಕದವನು ಸತ್ತನೆಂದು ಲೆಕ್ಕ. ನನಗೆ ಅಷ್ಟು ಹೊತ್ತು ಬೇಕಾಗುತ್ತಿರಲಿಲ್ಲ. ಖಟಖಟ ನಿಂತಿತೋ, ಕರೆಂಟು ಹೋಯಿತು. ಅದರ ಬೆನ್ನಿಗೇ ಅವನ ವೈಫೈ, ಅವನ ದನಿ.

ಅಂಥದೇ ಒಂದು ರಾತ್ರಿ ನಾನು ಫೋನಿನಲ್ಲಿ ಗಟ್ಟಿಯಾಗಿ, "ಮುಧೋಳ ಡೌನ್ ಆತಲೇ. ಮಹಾಲಿಂಗಪುರದ ಮ್ಯಾಲೆ ಹ್ವಾದ್ರೂ ದಾರಿ ಇಲ್ಲ. ಬೀಳಗಿ ಅಂತೂ ಸತ್ತs ಹೋಗೇತಿ" ಎಂದೆ. ಅವ್ವನ ತವರು ಮುಧೋಳ. ತಿಂಗಳು ಆಗಸ್ಟ್. ಘಟಪ್ರಭೆ ತುಂಬಿ ಯಾದವಾಡ ಸೇತುವೆಯ ಮೇಲೆ ನೀರು ಬಂದಿದೆ ಎಂದು ಸಂಜೆಯಷ್ಟೇ ಸುದ್ದಿ. ಅವ್ವ ನನ್ನನ್ನು ಒಂದು ಮಾತು ಕೇಳದೆ ಮುಧೋಳದ ಮಾಮಾಗೆ ಫೋನ್ ಹಚ್ಚಿದಳು. ಮಾಮಾ ಮಲಗಿದ್ದರು, ಎತ್ತಲಿಲ್ಲ. ಮಹಾಲಿಂಗಪುರದ ಚಿಗವ್ವನಿಗೆ ಹಚ್ಚಿದಳು. ಚಿಗವ್ವ ಬನಹಟ್ಟಿಯ ಬೀಗರಿಗೆ, ಬೀಗರು ನಮ್ಮ ಹಿಂದಿನ ಓಣಿಯ ಕಾಕಾನಿಗೆ. ಅರ್ಧ ತಾಸಿನೊಳಗೆ ಕಾಕಾ ಬ್ಯಾಟರಿ ಹಿಡಿದು ಬಾಗಿಲಿಗೆ ಬಂದು, "ವೈನಿ, ನಿಮ್ಮ ತವರಮನಿ ಗ್ವಾಡಿ ಬಿದ್ದಾವಂತ, ಖರೇ ಏನ?" ಎಂದರು.

ಅವ್ವ ಹೊರಡಿಸಿದ ಸುದ್ದಿ ನಾಲ್ಕೂರು ಸುತ್ತಿ, ದಾರಿಯಲ್ಲಿ ಗೋಡೆ ಕೆಡವಿಕೊಂಡು, ಅವ್ವನಿಗೇ ಬಂದು ಮುಟ್ಟಿತ್ತು. ಅವಳು ಕೇಳಿದವಳೇ ಅಳತೊಡಗಿ ಮತ್ತೆ ಚಿಗವ್ವನ ನಂಬರು ಒತ್ತಿದಳು. ಸ್ವಿಚ್ಚುಗಳ ನಡುವೆ ಸುತ್ತು ದಾರಿ ಇದ್ದರೆ ಒಂದೇ ಸಂದೇಶ ಹೀಗೇ ಗಿರಕಿ ಹೊಡೆಯುತ್ತ ಬೆಳೆದು ಇಡೀ ಜಾಲದ ಉಸಿರು ಕಟ್ಟಿಸುತ್ತದೆ. ಅದಕ್ಕೆಂದೇ ರೇಡಿಯಾ ಪರ್ಲ್‌ಮನ್ 1985ರಲ್ಲಿ ಸ್ಪ್ಯಾನಿಂಗ್ ಟ್ರೀ ಎಂಬ ಉಪಾಯ ಕಂಡುಹಿಡಿದರು: ಸುತ್ತಿನಲ್ಲಿ ಒಂದು ಕೊಂಡಿಯನ್ನು ಬೇಕೆಂದೇ ಮುಚ್ಚಿಡುವುದು. ಸರಿ, ಮುಚ್ಚುವುದು ಯಾರನ್ನು? ಚಿಗವ್ವನನ್ನೋ, ಬೀಗರನ್ನೋ? ಆ ಉಪಾಯದಲ್ಲಿ ಬೀಗರ ಲೆಕ್ಕ ಇಲ್ಲ.

ಲ್ಯಾಬ್ ಇದ್ದದ್ದು ಬೆಂಗಳೂರಿನಲ್ಲಿ. ರಾತ್ರಿ ಬಸ್ಸು, ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಮೊದಲ ಮೂರು ತಾಸು ಜಾಲ ಹೇಗಿರಬೇಕೆಂದು ಯೋಚಿಸುವುದು. ಅದರಲ್ಲಿ ಒಂದು ಪ್ರಶ್ನೆ ದಾಟಿದರೆ ಹಿಂದಕ್ಕೆ ಮರಳುವಂತಿಲ್ಲ. ಉಳಿದ ಐದು ತಾಸು ಕಟ್ಟುವುದು, ಕೆಟ್ಟದ್ದನ್ನು ರಿಪೇರಿ ಮಾಡುವುದು. ಒಳಗಿನ ಪ್ರಶ್ನೆ ಹೊರಗೆ ಹೇಳುವುದಿಲ್ಲವೆಂದು ಮೊದಲೇ ಒಪ್ಪಿಸಿಕೊಳ್ಳುತ್ತಾರೆ. ಹೀಗಾಗಿ ಆ ಎಂಟು ತಾಸಿನ ಬಗ್ಗೆ ನಾನು ಹೇಳಬಹುದಾದದ್ದು ಇಷ್ಟೇ: ಕುರ್ಚಿ ಚಲೋ ಇತ್ತು.

ಪಾಸಾದೆ. ಮುಧೋಳದ ಮಾಮಾ ಪೇಢೆ ಹಿಡಿದುಕೊಂಡೇ ಬಂದರು.

"ಎಷ್ಟ ಬಿತ್ತು?"

"ಲ್ಯಾಬಿಗೆ ಮಾರ್ಕ್ಸ್ ಹೇಳಂಗಿಲ್ಲ ಮಾಮಾ. ಪಾಸ್ ಅಂತಷ್ಟ. ಒಂದ ನಂಬರ್ ಕೊಡ್ತಾರ."

1993ರಲ್ಲಿ ಈ ಪರೀಕ್ಷೆ ಶುರುವಾದಾಗ ನಂಬರನ್ನು 1024ರಿಂದ ಎಣಿಸಿದರು. ಆ ಮೊದಲ ನಂಬರನ್ನು ಲ್ಯಾಬಿಗೇ ಕೊಟ್ಟು, ಮನುಷ್ಯರಿಗೆ 1025ರಿಂದ ಹಂಚಿದರು. ನನ್ನದು ಅರವತ್ತು ಸಾವಿರದ ಆಚೆಯದು. ಮಾಮಾ ಕೇಳಿ ಕೈಯಲ್ಲಿದ್ದ ಪೇಢೆಯನ್ನು ಡಬ್ಬಿಗೆ ವಾಪಸು ಇಟ್ಟರು.

"ಅರವತ್ ಸಾವಿರನೇ ರ‍್ಯಾಂಕ?"

ರ‍್ಯಾಂಕಲ್ಲ, ಇಡೀ ಜಗತ್ತಿನಲ್ಲಿ ಪಾಸಾದವರ ಸಾಲುನಂಬರು ಎಂದು ತಿಳಿಸಿ ಹೇಳಿದೆ. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಿತ್ತು. ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು ಎಂಬುದನ್ನೂ ಹೇಳಿದೆ.

"ಮೂರs ವರ್ಷಾ? ನಮ್ಮ ಟ್ರ್ಯಾಕ್ಟರ್ ಡ್ರೈವರಂದು ಲೈಸನ್ಸ್ ಇಪ್ಪತ್ ವರ್ಷ ನಡೀತೈತಿ," ಎಂದ ಮಾಮಾ, ಅವ್ವನ ಕಡೆ ತಿರುಗಿ, ಕಬ್ಬಿನ ಬಿಲ್ಲು ಇನ್ನೂ ಬಂದಿಲ್ಲವೆಂಬ ಮಾತಿಗೆ ಹೊರಳಿದರು.